ಕಡಬ ವಿರುದ್ಧ ಕಡಬ

ಸಾವಿರದ ಒಂಬೈನೂರ ಐವತ್ತೊಂಬತ್ತನೇ ಇಸವಿ ಅಕ್ಟೋಬರ್ ತಿಂಗಳ ಐದನೇ ತಾರೀಕು ಸೋಮವಾರ ಬೆಳಿಗ್ಗೆ ಒಂಬತ್ತೂವರೆ ಗಂಟೆಗೆ ಪುತ್ತೂರು ತಾಲೂಕು ಕಾಲ್ಚೆಂಡು ಮಂಡಳಿಯು ಬರುವ ಋತುವಿನ ಪಂದ್ಯಗಳ ಪಟ್ಟಿಯನ್ನು ಕಡಬದ ಸಾರ್ವಜನಿಕರ ತಿಳಿವಳಿಕೆಗಾಗಿ ಪ್ರಕಟಿಸಿತು. ಪ್ರಕಟಿಸಿತು ಎಂದರೆ, ದುಗ್ಗಪ್ಪ ಮೋಟಾರ್ ಸರ್ವೀಸಿನ ಕಂಡಕ್ಟರನು ಪಟ್ಟಿಯ ಒಂದು ಪ್ರತಿಯನ್ನು ಸುರುಳಿ ಸುತ್ತಿ, ಬಸ್ಸು ನಿಲ್ಲುವ ಮೊದಲೇ, ತ್ಯಾಂಪಣ್ಣನವರ ಸೋಡಾ ಅಂಗಡಿಯ ಕಡೆಗೆ ಎಸೆದನು. ಮಂಡಳಿಯ ಅಧ್ಯಕ್ಷರೂ ಬಸ್ಸುಗಳ ಮಾಲೀಕರೂ ದುಗ್ಗಪ್ಪನವರೊಬ್ಬರೇ ಆಗಿದ್ದುದರಿಂದ ಇದರಲ್ಲಿ ವಿಳಂಬಕ್ಕೆ ಅವಕಾಶವಿರಲಿಲ್ಲ.

ತ್ಯಾಂಪಣ್ಣನವರು ಆಟಗಾರರಲ್ಲ. ಚೆಂಡನ್ನು ಒಮ್ಮೆ ಮಾತ್ರ ಒದ್ದಿದ್ದರು. ಅದು ಅವರದೇ ಅಂಗಡಿಯ ಸೋಡಾ ಬಾಟ್ಲಿಗಳ ಮೇಲೆ ಬಿತ್ತು. ಆದರೆ ಕಡಬ ಸಂಘದ ಒಂದು ಪಂದ್ಯವನ್ನೂ ಅವರು ಎಂಟು ವರ್ಷಗಳಿಂದ ತಪ್ಪಿಸಿದವರಲ್ಲ. ಸೋದರಮಾವ ಸತ್ತ ಮೇಲಿನ ಬೊಜ್ಜದ ದಿನವೂ ಊಟದ ಎಲೆಯಿಂದ ಎದ್ದು ನೆಲ್ಯಾಡಿಗೆ ಹೋಗಿದ್ದರು. ಈ ಸಲದ ಪಟ್ಟಿಯನ್ನು ಅವರು ಮಳೆಗಾಲ ಪೂರ್ತಿ ಕಾದಿದ್ದರು. ಅದಕ್ಕೆ ಕಾರಣವೂ ಇತ್ತು.

ಕಳೆದ ಋತುವಿನ ಕೊನೆಯ ಪಂದ್ಯ ನಮಗೆ ಪುತ್ತೂರಿನ ಮೇಲೆ. ಆಟ ಮುಗಿಯಲು ನಾಲ್ಕು ನಿಮಿಷ ಇರುವಾಗ ನಮ್ಮ ಹೈದರ್ ಹೊಡೆದ ಚೆಂಡು ಪುತ್ತೂರಿನ ಗೋಲಿಯ, ಅಂದರೆ ಗೋಲು ಕಾಯುವವನ, ಕೈ ದಾಟಿ, ಬಲೆಯನ್ನು ಹರಿದು, ಹಿಂದಿದ್ದ ಗೇರುಮರಕ್ಕೆ ಬಡಿಯಿತು. ರೆಫರಿಯು ಮರದ ಬುಡಕ್ಕೆ ಹೋಗಿ ಪರಿಶೀಲಿಸಿ, ಚೆಂಡು ಬಲೆಯ ಹೊರಗೆ ಸಿಕ್ಕಿರುವುದರಿಂದ ಅದು ಒಳಗೆ ಹೋಗಿತ್ತು ಎನ್ನಲು ಆಧಾರವಿಲ್ಲ ಎಂದು ತೀರ್ಪು ಕೊಟ್ಟರು. ಪುತ್ತೂರು ಗೆದ್ದಿತು. ಬಲೆ ಹರಿದ ಬಗ್ಗೆ ಕಡಬ ಸಂಘವು ಕ್ಷಮಾಪಣೆ ಪತ್ರ ಬರೆದುಕೊಟ್ಟಿತು. ಅಂದಿನಿಂದ ತ್ಯಾಂಪಣ್ಣನವರಿಗೆ ಬೇಕಾದದ್ದು ಒಂದೇ: ಪುತ್ತೂರಿನ ಮೇಲೆ ಇನ್ನೊಂದು ಆಟ.

ಅವರು ಅಂಗಡಿಯ ಬಾಗಿಲಲ್ಲೇ ಪಟ್ಟಿ ಬಿಚ್ಚಿದರು. ಮೊದಲನೇ ಪಂದ್ಯ ನೆಲ್ಯಾಡಿಯ ಮೇಲೆ, ಸುಳ್ಯದಲ್ಲಿ. ಎರಡನೆಯದು ರಾಮಕುಂಜದ ಮೇಲೆ, ಸುಬ್ರಹ್ಮಣ್ಯದಲ್ಲಿ. ಮೂರನೆಯದು ಸುಬ್ರಹ್ಮಣ್ಯದ ಮೇಲೆ, ನೆಲ್ಯಾಡಿಯಲ್ಲಿ. ಇದರಲ್ಲಿ ವಿಶೇಷವೇನೂ ಇಲ್ಲ. ಯಾವ ತಂಡವೂ ನಡೆದು ತಲುಪಬಹುದಾದ ಮೈದಾನದಲ್ಲಿ ಆಡಬಾರದು, ಎರಡೂ ತಂಡಕ್ಕೆ ಸಮಾನವಾಗಿ ದೂರವಾದ ತಟಸ್ಥ ಮೈದಾನದಲ್ಲೇ ಆಡತಕ್ಕದ್ದು ಎಂಬುದು ಮಂಡಳಿಯ ಆರನೇ ನಿಯಮ. ಕಡಬದಿಂದ ರಾಮಕುಂಜಕ್ಕೆ ಆರೇಳು ಮೈಲಿ. ಇಷ್ಟು ಹತ್ತಿರದ ಊರುಗಳ ನಡುವೆ ಪಕ್ಷಪಾತ ಹುಟ್ಟುವ ಭಯ ಮಂಡಳಿಗಿತ್ತು. ಆ ಭಯ ಹೋಗಬೇಕಾದರೆ ಬಸ್ಸಿನಲ್ಲಿ ಕನಿಷ್ಠ ಎರಡು ಗಂಟೆ ಪ್ರಯಾಣ ಮಾಡಬೇಕಿತ್ತು. ನಾಲ್ಕನೆಯದು ಸುಳ್ಯದ ಮೇಲೆ.

ಐದನೇ ಸಾಲನ್ನು ತ್ಯಾಂಪಣ್ಣನವರು ಮೂರು ಸಲ ಓದಿದರು. "ಜನವರಿ ೧೭, ಭಾನುವಾರ, ಸಂಜೆ ೪ ಗಂಟೆ. ಕಡಬ ವಿರುದ್ಧ ಕಡಬ. ಸ್ಥಳ: ಸುಳ್ಯ." ಪುತ್ತೂರಿನ ಹೆಸರು ಅದರ ಕೆಳಗಿತ್ತು. "ಅದೇ ದಿನ, ಪುತ್ತೂರು: ವಿಶ್ರಾಂತಿ. ಅಂಕ ೨."

ಆ ಹೊತ್ತಿಗೆ ಅಂಗಡಿಯಲ್ಲಿ ಇಬ್ಬರಿದ್ದರು. ಒಬ್ಬರು ಜತ್ತಪ್ಪನವರು, ತ್ಯಾಂಪಣ್ಣನವರ ಹೆಂಡತಿಯ ಅಣ್ಣ, ಊರಿನ ಪೋಸ್ಟ್‌ಮ್ಯಾನ್, ಸಂಘದ ಗೋಲಿ. ಇನ್ನೊಬ್ಬ ಸೈಕಲ್ಲಿನಲ್ಲಿ ಮೀನು ಮಾರುವ ಹೈದರ್. ಕಡಬದಲ್ಲಿ ಫುಟ್‌ಬಾಲ್ ಬಲ್ಲವನೆಂದರೆ ಅವನೊಬ್ಬನೇ, ಉಳಿದವರು ಅವನ ಹಿಂದೆ ಓಡುವವರು ಎಂದು ಎದುರು ತಂಡದವರು ಹೇಳುತ್ತಿದ್ದರು. ನಾವೂ ಹಾಗೆಯೇ ತಿಳಿದಿದ್ದೆವು.

"ಹಾಗಾದರೆ ಈ ಸಲ ಒಂದು ಆಟ ನಾವು ಹೇಗೂ ಗೆಲ್ತೇವೆ" ಎಂದ ಹೈದರ್.

"ಸೋಲುದೂ ನಾವೇ ಅಲ್ವಾ ಮಾರಾಯ?" ಎಂದರು ಜತ್ತಪ್ಪ.

ತ್ಯಾಂಪಣ್ಣನವರಿಗೆ ನಗು ಬರಲಿಲ್ಲ. "ಅಚ್ಚಿನವನ ಕೆಲಸ ಇದು. ಪುತ್ತೂರು ಅಂತ ಇರ್ಬೇಕಾದಲ್ಲಿ ಕಡಬ ಹಾಕಿದ್ದಾನೆ. ನಾಳೆಯೇ ಹೋಗಿ ಸರಿ ಮಾಡಿಸಿ ಬರ್ತೇನೆ."

"ಹೋಗಿ ಭಾವ. ಪುತ್ತೂರನ್ನು ಬಿಟ್ಟರೆ ನಮಗೆ ಈ ವರ್ಷ ಆಟವೇ ಇಲ್ಲ" ಎಂದರು ಜತ್ತಪ್ಪ.

ಮಂಡಳಿಯ ಕಚೇರಿ ಪುತ್ತೂರಿನಲ್ಲಿ ದುಗ್ಗಪ್ಪ ಮೋಟಾರ್ ಸರ್ವೀಸಿನ ಷೆಡ್ಡಿನ ಮಾಳಿಗೆಯಲ್ಲಿತ್ತು. ಕಾರ್ಯದರ್ಶಿ ಕುಶಾಲಪ್ಪನವರು ಮೂವತ್ತೊಂದು ವರ್ಷ ಸರಕಾರಿ ಕಡತಗಳ ನಡುವೆ ಕಳೆದು ನಿವೃತ್ತರಾದವರು. ಅವರು ಚೆಂಡನ್ನು ಹತ್ತಿರದಿಂದ ನೋಡಿದವರಲ್ಲ. ಆದರೆ ಚೆಂಡಿನ ಬಗ್ಗೆ ಅವರಲ್ಲಿ ಹನ್ನೊಂದು ಫೈಲುಗಳಿದ್ದವು.

"ಇದರಲ್ಲಿ ಒಂದು ತಪ್ಪು ಉಂಟು ಸ್ವಾಮಿ" ಎಂದರು ತ್ಯಾಂಪಣ್ಣ.

"ತಪ್ಪು ಇರಲಿಕ್ಕೆ ಸಾಧ್ಯ ಇಲ್ಲ. ಅಚ್ಚಾಗಿದೆ."

"ಕಡಬ ವಿರುದ್ಧ ಕಡಬ ಅಂತ ಉಂಟು."

ಕುಶಾಲಪ್ಪನವರು ಕನ್ನಡಕ ಹಾಕಿ ನೋಡಿದರು. "ಹೌದು, ಉಂಟು. ಎರಡು ಕಡೆಯೂ ಕಾಗುಣಿತ ಸರಿ ಉಂಟಲ್ಲ?"

"ಕಾಗುಣಿತ ಸರಿ ಉಂಟು."

"ಮತ್ತೆ ತಪ್ಪು ಎಲ್ಲಿ?"

ಒಂದು ತಂಡ ತನ್ನ ಮೇಲೆ ತಾನೇ ಆಡುವುದು ಹೇಗೆಂದು ತ್ಯಾಂಪಣ್ಣನವರು ಕೇಳಿದರು. ಆಟ ಹೇಗೆ ಆಡಬೇಕೆಂಬುದು ಆಟಗಾರರಿಗೆ ಬಿಟ್ಟದ್ದು, ಅದರಲ್ಲಿ ಮಂಡಳಿ ಕೈ ಹಾಕುವುದಿಲ್ಲ ಎಂದು ಕುಶಾಲಪ್ಪನವರು ತಿಳಿಸಿದರು. ಅಚ್ಚಾದ ಪಟ್ಟಿಯನ್ನು ತಿದ್ದುವ ಅಧಿಕಾರ ತಿದ್ದುಪಡಿ ಉಪಸಮಿತಿಗೆ ಮಾತ್ರ ಇತ್ತು. ಆ ಉಪಸಮಿತಿ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿದ್ದಾಗ ರಚನೆಯಾದದ್ದು. ಈಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದ ಮೇಲೆ ಅದು ಬದುಕಿದೆಯೇ ಇಲ್ಲವೇ ಎಂದು ಮಂಡಳಿಯು ಬೆಂಗಳೂರಿಗೆ ಬರೆದು ಕೇಳಿತ್ತು. ಬೆಂಗಳೂರಿನವರು ಮದ್ರಾಸಿನ ಮೂಲ ಕಾಗದ ತರಿಸಿ ಎಂದಿದ್ದರು. ಮದ್ರಾಸಿನವರು, ದಕ್ಷಿಣ ಕನ್ನಡಕ್ಕೂ ತಮಗೂ ಈಗ ಸಂಬಂಧವಿಲ್ಲ, ಕಾಲ್ಚೆಂಡಿಗೂ ತಮಗೂ ಮೊದಲೇ ಇರಲಿಲ್ಲ ಎಂದಿದ್ದರು. ಅಲ್ಲದೆ ಉಪಸಮಿತಿಯ ಮೂವರಲ್ಲಿ ಒಬ್ಬರು ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಅವರಿಂದ ಇನ್ನೂ ರಾಜೀನಾಮೆ ಬಂದಿರಲಿಲ್ಲ.

"ಹಾಗಾದರೆ ನಾವು ಆ ಆಟ ಆಡುದಿಲ್ಲ" ಎಂದರು ತ್ಯಾಂಪಣ್ಣ, ಸ್ವಲ್ಪ ಗಟ್ಟಿಯಾಗಿ.

"ಧಾರಾಳ" ಎಂದ ಕುಶಾಲಪ್ಪನವರು ಹದಿನೇಳನೇ ನಿಯಮ ತೆಗೆದರು. "ಒಂದು ಋತುವಿನಲ್ಲಿ ಎರಡು ಸಲ ಗೈರುಹಾಜರಾದ ಸಂಘದ ಹೆಸರು ರಿಜಿಸ್ಟರಿನಿಂದ ಹೊಡೆದುಹಾಕತಕ್ಕದ್ದು. ಜನವರಿ ಹದಿನೇಳಕ್ಕೆ ಕಡಬ ಬಾರದಿದ್ದರೆ ಒಂದು ಗೈರು. ಕಡಬದ ಎದುರಾಳಿ ಬಾರದಿದ್ದರೆ ಎರಡು. ಅಲ್ಲಿಗೆ ಆಯ್ತು."

"ಹೊಡೆದುಹಾಕಿದರೆ?"

"ಸಂಘ ಇಲ್ಲದ ಊರಿಗೆ ಮೈದಾನ ಎಂತಕ್ಕೆ? ಮೈದಾನ ಮಂಡಳಿಯ ಸುಪರ್ದಿಗೆ."

ಕಡಬದ ಮೈದಾನ ಪೇಟೆಯ ಮಗ್ಗುಲಲ್ಲೇ ಇತ್ತು. ಅದು ಮೊದಲು ಮುಳ್ಳುಗುಡ್ಡೆ. ಅದನ್ನು ಊರಿನ ಗಂಡಸರು ಎರಡು ಬೇಸಿಗೆ ಹಾರೆ ಹಿಡಿದು ಸಮ ಮಾಡಿದ್ದರು. ತ್ಯಾಂಪಣ್ಣನವರ ಎಡಗಾಲಿನ ಹೆಬ್ಬೆರಳಿನ ಉಗುರು ಆ ಮಣ್ಣಿನಲ್ಲೇ ಹೋಯಿತು. ಸುಪರ್ದಿಯ ಮಾತು ಕೇಳಿದಾಗ ಅವರ ಮುಖ ಬಿಳಿಚಿತೆಂದು ಮುಂದೆ ಕುಶಾಲಪ್ಪನವರೇ ಹೇಳಿದರು.

ಆಗ ದುಗ್ಗಪ್ಪನವರು ಮಾಳಿಗೆ ಹತ್ತಿ ಬಂದರು. ದೊಡ್ಡ ಮನುಷ್ಯ, ದೊಡ್ಡ ಸ್ವರ. ವಿಷಯ ಕೇಳಿ ತ್ಯಾಂಪಣ್ಣನವರ ಹೆಗಲಿಗೆ ಕೈ ಹಾಕಿದರು.

"ಕಡಬದವರಂದ್ರೆ ನನಗೆ ಮೊದಲಿಂದಲೂ ಪ್ರೀತಿ ಮಾರಾಯ್ರೆ. ನೀವು ಹೀಗೆ ಬೇಜಾರು ಮಾಡುದು ಎಂತಕ್ಕೆ? ಇಬ್ಬರು ಮಕ್ಕಳಿರುವ ಮನೆ ತುಂಬಿದ ಮನೆ. ನೀವು ಎರಡು ತಂಡ ಮಾಡಿ. ಜನ ಉಂಟಲ್ಲ?"

"ಜನ ಉಂಟು. ಆದರೆ ಪುತ್ತೂರಿನ ಮೇಲೆ..."

"ಪುತ್ತೂರು ಎಲ್ಲಿಗೂ ಓಡಿ ಹೋಗುದಿಲ್ಲ. ಕುಶಾಲಪ್ಪ, ಇವರಿಗೆ ಚಾ ತರಿಸಿ. ಇಂಥವರನ್ನು ನಾವು ಬಿಡ್ಲಿಕ್ಕುಂಟಾ? ಕಡಬ ವಲಯದ ಸಂಚಾಲಕರು ಅಂತ ಬರೆದುಕೊಳ್ಳಿ. ಆ ಬಿಲ್ಲೆ ಒಂದು ಕೊಡಿ."

ಚಾ ಬಂತು. ಹಿತ್ತಾಳೆಯ ಬಿಲ್ಲೆಯೂ ಬಂತು. ಕಡಬದಲ್ಲಿ ಎರಡು ತಂಡಗಳಿವೆ ಎಂಬ ಫಾರಂಗೆ ತ್ಯಾಂಪಣ್ಣನವರು ಸಹಿ ಹಾಕಿದರು. ಸಂಜೆಯ ಬಸ್ಸಿನಲ್ಲಿ ಅವರನ್ನು ಡ್ರೈವರನ ಪಕ್ಕದ ಸೀಟಿನಲ್ಲಿ ಕೂರಿಸಲಾಯಿತು. ಉಪ್ಪಿನಂಗಡಿ ಬರುವವರೆಗೆ ಅವರಿಗೆ ನಾಚಿಕೆಯಾಗುತ್ತಿತ್ತು. ಉಪ್ಪಿನಂಗಡಿ ದಾಟಿದ ಮೇಲೆ ಅದು ಕಡಿಮೆಯಾಯಿತು. ಕಡಬ ಬರುವಾಗ ಅವರು ಸಂಚಾಲಕರ ಕರ್ತವ್ಯಗಳ ಬಗ್ಗೆ ಆಲೋಚಿಸುತ್ತಿದ್ದರು.

ಮನೆಯಲ್ಲಿ ಹೆಂಡತಿ ಸೀತು ಅಂಗಿಯ ಮೇಲಿನ ಬಿಲ್ಲೆಯನ್ನು ದೀಪ ಹಿಡಿದು ನೋಡಿದರು. "ತಪ್ಪು ತಿದ್ದಿಸ್ಲಿಕ್ಕೆ ಅಂತ ಹೋದವರು ಇದನ್ನು ಚುಚ್ಚಿಸಿಕೊಂಡು ಬಂದ್ರಾ?"

"ನಿನಗೆ ಗೊತ್ತಾಗುದಿಲ್ಲ. ಮೈದಾನ ಉಳಿಸಿ ಬಂದಿದ್ದೇನೆ" ಎಂದರು ತ್ಯಾಂಪಣ್ಣ.

ಮುಂದಿನ ಭಾನುವಾರ ಮೈದಾನದಲ್ಲಿ ಊರ ಸಭೆ ಸೇರಿತು. ಸುಮ್ಮನೆ ಹೆಸರಿಗೆ ಎರಡು ತಂಡ ಮಾಡಿ, ಒಂದು ದಿನ ಸುಳ್ಯಕ್ಕೆ ಹೋಗಿ ಆಡಿ ಬರುವುದು ಎಂದು ಎಲ್ಲರೂ ನಗುನಗುತ್ತ ಒಪ್ಪಿದರು. ಇದು ಆ ಸಭೆಯ ದಾಖಲೆಯಲ್ಲಿ ಇದೆ. ಹಂಚುವುದು ಹೇಗೆಂಬ ಪ್ರಶ್ನೆಗೆ, ಪೇಟೆಯ ನಡುವೆ ಹಾದುಹೋಗುವ ಮಾರ್ಗವನ್ನೇ ಗಡಿ ಮಾಡಲಾಯಿತು. ಮಾರ್ಗದ ಆಚೆ ಇರುವವರು ಬಡಗು ಕಡಬ, ಈಚೆ ಇರುವವರು ತೆಂಕು ಕಡಬ. ಜತ್ತಪ್ಪನವರ ಮನೆ ಬಡಗು. ತ್ಯಾಂಪಣ್ಣನವರ ಮನೆಯೂ ಅಂಗಡಿಯೂ ತೆಂಕು. ಇದನ್ನು ಬರೆಯುತ್ತಿರುವ ನಾನೂ ತೆಂಕಿನವನೇ, ಆದರೆ ನಿಷ್ಪಕ್ಷಪಾತಿ.

ತೊಡಕಾದದ್ದು ಹೈದರನ ವಿಷಯದಲ್ಲಿ. ಅವನ ಮನೆ ಬಡಗು, ಆದರೆ ಸೈಕಲ್ ಇಡುವುದು ತೆಂಕಿನಲ್ಲಿ, ತ್ಯಾಂಪಣ್ಣನವರ ಅಂಗಡಿಯ ಜಗಲಿಯಲ್ಲಿ. ಎರಡು ಕಡೆಯವರೂ ಅವನು ನಮ್ಮವನೆಂದರು. ಸಂಚಾಲಕರು ಮಂಡಳಿಗೆ ಬರೆದರು. ಮನುಷ್ಯನು ಎಲ್ಲಿಯವನೆಂಬುದಕ್ಕೆ ಬಾಯಿಮಾತಲ್ಲದೆ ಆಧಾರವಿಲ್ಲ, ಸೈಕಲ್ಲಿಗಾದರೋ ಲೈಸೆನ್ಸ್ ಇದೆ, ಆದಕಾರಣ ಸದರಿ ಆಟಗಾರನು ಸೈಕಲ್ ಇರುವ ಕಡೆಗೆ ಸೇರತಕ್ಕದ್ದು ಎಂದು ಉತ್ತರ ಬಂತು. ಹೈದರ್ ತೆಂಕಿಗೆ ಸೇರಿದ. ಬಡಗಿನವರ ನಗು ಅಂದಿಗೆ ನಿಂತಿತು.

ಇದ್ದದ್ದು ಹದಿನಾಲ್ಕು ಮಂದಿ ಆಟಗಾರರು, ಬೇಕಾದದ್ದು ಇಪ್ಪತ್ತೆರಡು. ತೆಂಕಿನವರು ಕ್ಷೌರದಂಗಡಿಯವನನ್ನೂ ಮರ ಕೊಯ್ಯುವ ಇಬ್ಬರನ್ನೂ ಹಿಡಿದು ತಂದರು. ಬಡಗಿನವರು ಅರವತ್ತೊಂದು ವರ್ಷದ ಗ್ರಾಮ ಕಚೇರಿಯ ನಿವೃತ್ತ ಉಗ್ರಾಣಿಯೊಬ್ಬರನ್ನು ಬಲಗಡೆಯ ಬ್ಯಾಕ್ ಮಾಡಿದರು. ಅವರಿಗೆ ದೂರದ್ದು ಕಾಣುತ್ತಿರಲಿಲ್ಲ, ಆದರೆ ಹತ್ತಿರ ಬಂದವರನ್ನು ಬಿಡುತ್ತಿರಲಿಲ್ಲ.

ನವೆಂಬರಿನಲ್ಲಿ ಮಂಡಳಿಯಿಂದ ಒಂದು ಸುತ್ತೋಲೆ ಬಂತು. "ಪಟ್ಟಿಯಲ್ಲಿ ಎಡಗಡೆ ಮುದ್ರಿತವಾದ ಕಡಬವೂ ಬಲಗಡೆ ಮುದ್ರಿತವಾದ ಕಡಬವೂ ಮಂಡಳಿಯ ದೃಷ್ಟಿಯಲ್ಲಿ ಸಮಾನ. ಎದುರಾಳಿ ತಂಡಗಳೂ ಅವರ ಅಭಿಮಾನಿಗಳೂ ಒಂದೇ ಬಸ್ಸಿನಲ್ಲಿ ಪ್ರಯಾಣಿಸಕೂಡದು. ಎಡಗಡೆಯ ಕಡಬದ ಬಸ್ಸು ಮೊದಲು ಹೊರಡತಕ್ಕದ್ದು. ಎಡಗಡೆ ಯಾರೆಂಬುದನ್ನು ಸಂಚಾಲಕರು ನಿರ್ಧರಿಸತಕ್ಕದ್ದು." ಸಂಚಾಲಕರು ಎರಡು ದಿನ ಆಲೋಚಿಸಿ, ತೆಂಕು ಕಡಬವೇ ಎಡಗಡೆ ಎಂದು ನಿರ್ಧರಿಸಿದರು.

ಮರುದಿನ ಜತ್ತಪ್ಪನವರು ಅಂಗಡಿಗೆ ಬಂದರು. ತ್ಯಾಂಪಣ್ಣನವರು ಎಂದಿನಂತೆ ಒಂದು ಸೋಡಾ ತೆಗೆದಿಟ್ಟರು.

"ಭಾವ, ನೀವು ಮಾಡಿದ್ದು ಸರಿಯಾ? ಎಂಟು ವರ್ಷ ಗೋಲಿನಲ್ಲಿ ನಿಂತವ ನಾನು. ನಾನು ಬಲಗಡೆಯ ಕಡಬವಾ?"

"ಯಾರಾದರೂ ಒಬ್ಬರು ಬಲಗಡೆ ಇರ್ಬೇಕಲ್ಲ ಭಾವ."

"ಇರುದಾದರೆ ನೀವೇ ಇರಿ."

"ನಾನು ಸಂಚಾಲಕ. ನನಗೆ ನನ್ನದು ನಿಮ್ಮದು ಅಂತ ಇಲ್ಲ."

"ಇಲ್ಲದಿದ್ದರೆ ಮತ್ತೆ ನಿಮ್ಮದೇ ಎಡಕ್ಕೆ ಬಂದದ್ದು ಹೇಗೆ?"

ತ್ಯಾಂಪಣ್ಣನವರು ಸೋಡಾವನ್ನು ಅವರ ಕಡೆಗೆ ಸರಿಸಿದರು. ಜತ್ತಪ್ಪನವರು ಸೋಡಾ ಮುಟ್ಟದೆ ಮಾರ್ಗ ದಾಟಿದರು. ಅಂದಿನಿಂದ ಬಡಗಿನವರು ಸೋಡಾ ಬಿಟ್ಟು ಪುನರ್ಪುಳಿ ಶರಬತ್ತು ಕುಡಿಯತೊಡಗಿದರು. ಜತ್ತಪ್ಪನವರು ಸರಕಾರಿ ನೌಕರರಾದುದರಿಂದ ತೆಂಕಿನ ಟಪಾಲನ್ನು ತಪ್ಪದೆ ತಲುಪಿಸುತ್ತಿದ್ದರು. ಆದರೆ ಮೊದಲೆಲ್ಲ ಕಾರ್ಡನ್ನು ದಾರಿಯಲ್ಲೇ ಓದಿ, ಬಾಗಿಲಲ್ಲಿ ವಿಷಯ ಹೇಳಿ ಕೊಡುತ್ತಿದ್ದವರು ಈಗ ಓದದೆ ಕೊಟ್ಟು ಹೋಗುತ್ತಿದ್ದರು. ಓದು ಬಾರದವರಿಗೆ ಇದರಿಂದ ಬಹಳ ಕಷ್ಟವಾಯಿತು. ಬಡಗಿನ ಒಂದು ಕೋಳಿ ಮಾರ್ಗ ದಾಟಿ ಬಂದದ್ದನ್ನು ತೆಂಕಿನವರು ಮೂರು ದಿನ ಕಟ್ಟಿಹಾಕಿದ್ದರು ಎಂಬ ಆರೋಪವಿದೆ. ಎರಡೇ ದಿನ ಎಂಬುದು ನನಗೆ ತಿಳಿದಿದೆ.

ಸೀತು ಬಡಗಿನಲ್ಲಿ ಹುಟ್ಟಿ ತೆಂಕಿಗೆ ಮದುವೆಯಾಗಿ ಬಂದವರು. ಅಣ್ಣನ ಮನೆಗೆ ಹೋಗಬೇಡ ಎಂದು ಗಂಡ ಹೇಳಿದ ದಿನ ಅವರು ಗಂಜಿಯ ಪಾತ್ರೆಯನ್ನು ಕೆಳಗಿಟ್ಟರು.

"ನಿಮ್ಮ ಮಂಡಳಿಗೆ ಬರೆದು ಕೇಳಿ. ನಾನು ಯಾವ ಕಡಬ? ಯಾರಿಗೆ ಬಡಿಸುದು ಅಂತ ಅವರೇ ಹೇಳಲಿ."

ತ್ಯಾಂಪಣ್ಣನವರು ನಿಜವಾಗಿಯೂ ಬರೆದರು. ಎಂಟು ದಿನದಲ್ಲಿ ಉತ್ತರ ಬಂತು. "ಸ್ತ್ರೀಯರ ವಿಷಯದಲ್ಲಿ ಮಂಡಳಿಯು ತಟಸ್ಥ ಮೈದಾನದ ತತ್ವವನ್ನು ಅನುಸರಿಸುತ್ತದೆ." ಸೀತು ಅದನ್ನು ಓದಿಸಿ ಕೇಳಿದರು. ಮತ್ತೆ ಎರಡು ಸೀರೆ ಮಡಚಿಕೊಂಡು, "ಸರಿ, ನಾನು ತಟಸ್ಥ ಮೈದಾನಕ್ಕೆ ಹೋಗ್ತೇನೆ. ನಿಮ್ಮ ಆಟ ಮುಗಿದ ಮೇಲೆ ಹೇಳಿ ಕಳಿಸಿ" ಎಂದು ರಾಮಕುಂಜದ ಅಕ್ಕನ ಮನೆಗೆ ನಡೆದೇ ಹೊರಟರು. ಬಸ್ಸು ಹತ್ತಿ ಎಂದವರಿಗೆ ಅವರು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಉಳಿದ ನಾಲ್ಕು ಪಂದ್ಯಗಳಲ್ಲಿ ಏನಾಯಿತು ಎಂದು ಯಾರಾದರೂ ಕೇಳಬಹುದು. ನಾಲ್ಕನ್ನೂ ಸೋತೆವು. ಪಾಸು ಕೊಟ್ಟರೆ ಬಡಗಿನವನಿಗೆ ಹೆಸರು ಬರುತ್ತದೆಂದು ತೆಂಕಿನವರು ಕೊಡಲಿಲ್ಲ, ಬಡಗಿನವರೂ ಹಾಗೆಯೇ. ಸೋತದ್ದಕ್ಕೆ ಊರಿನಲ್ಲಿ ಯಾರೂ ಬೇಸರಪಡಲಿಲ್ಲ. ಎಲ್ಲರ ಮನಸ್ಸು ಜನವರಿ ಹದಿನೇಳರ ಮೇಲಿತ್ತು. ಪುತ್ತೂರನ್ನು ಎಲ್ಲರೂ ಮರೆತಿದ್ದರು. ತ್ಯಾಂಪಣ್ಣನವರೂ ಮರೆತಿದ್ದರು.

ಆ ದಿನ ಬೆಳಿಗ್ಗೆ ಎಡಗಡೆಯ ಕಡಬದ ಬಸ್ಸು ಏಳು ಗಂಟೆಗೂ ಬಲಗಡೆಯದು ಏಳೂವರೆಗೂ ಹೊರಟವು. ಹೆಂಗಸರು, ಮುದುಕರು, ಫುಟ್‌ಬಾಲ್ ಎಂದರೆ ಏನೆಂದು ತಿಳಿಯದವರು ಸಹ ಹತ್ತಿದ್ದರು. ಹತ್ತದವನಿಗೆ ಎದುರು ಕಡೆಯವನೆಂದು ಹೆಸರು ಬೀಳುತ್ತಿತ್ತು. ಜನ ಹೆಚ್ಚಾದುದರಿಂದ ಸುಬ್ರಹ್ಮಣ್ಯದ ಬಸ್ಸನ್ನೂ ಇದಕ್ಕೇ ತಿರುಗಿಸಲಾಯಿತು. ದೇವರ ದರ್ಶನಕ್ಕೆ ಬಂದಿದ್ದವರು ದೇವರ ಮೇಲೆ ಭಾರ ಹಾಕಿ ನಡೆದರು. ಉಪ್ಪಿನಂಗಡಿ, ಪುತ್ತೂರು ಸುತ್ತಿ ಮಧ್ಯಾಹ್ನ ನಾವು ಸುಳ್ಯ ತಲುಪಿದೆವು. ಸುಳ್ಯದ ಜನ ಕಡಲೆ ತಿನ್ನುತ್ತ ಮೈದಾನದ ಸುತ್ತ ಕೂತಿದ್ದರು. ನಮ್ಮನ್ನು ನೋಡಲಿಕ್ಕೆಂದೇ ಅವರು ಬಂದಿದ್ದರು.

ಎರಡು ತಂಡದವರೂ ನೀಲಿ ಅಂಗಿ ಹಾಕಿದ್ದರು. ಕಡಬ ಸಂಘದ ಬಣ್ಣ ನೀಲಿ, ರಿಜಿಸ್ಟರಾದ ಬಣ್ಣವನ್ನು ಬದಲಿಸಲು ತಿದ್ದುಪಡಿ ಉಪಸಮಿತಿಯೇ ಬೇಕು. ರೆಫರಿಯಾಗಿ ಕುಶಾಲಪ್ಪನವರೇ ಕೊಡೆ ಹಿಡಿದು ಬಂದಿದ್ದರು. ಯಾರು ಯಾರನ್ನು ಒದ್ದರೂ ಅವರು ಸೀಟಿ ಊದಿ, "ತಪ್ಪು, ಕಡಬದ್ದು" ಎನ್ನುತ್ತಿದ್ದರು. ಇದರಲ್ಲಿ ಅವರು ಒಮ್ಮೆಯೂ ತಪ್ಪಲಿಲ್ಲ. ತೆಂಕಿನ ಹಳೆಯ ಆಟಗಾರನೊಬ್ಬ ಅಭ್ಯಾಸಬಲದಿಂದ ಬಡಗಿನ ಸ್ನೇಹಿತನಿಗೆ ಚೆಂಡು ಕೊಟ್ಟ. ಅವನು ಗಾಬರಿಯಲ್ಲಿ ತನ್ನದೇ ಗೋಲಿನೊಳಗೆ ಹೊಡೆದ. ಉಗ್ರಾಣಿಯವರು ತಮ್ಮ ಕಡೆಯ ಮೂವರನ್ನು ಕೆಡವಿದರು. ವಿರಾಮದ ಹೊತ್ತಿಗೆ ಕಡಬ ಎರಡು, ಕಡಬ ಎರಡು.

ಮುಗಿಯಲು ಹತ್ತು ನಿಮಿಷ ಇರುವಾಗ ಹೈದರನಿಗೆ ಚೆಂಡು ಸಿಕ್ಕಿತು. ಅವನು ನಾಲ್ವರನ್ನು ದಾಟಿ ಗೋಲಿನ ಮುಂದೆ ಬಂದ. ಎದುರಿಗೆ ಜತ್ತಪ್ಪನವರೊಬ್ಬರೇ. ಎಂಟು ವರ್ಷ ಅವರು ಗೋಲಿನಿಂದ ಎಸೆದ ಚೆಂಡನ್ನೇ ಹೈದರ್ ಮುಂದಕ್ಕೆ ಒಯ್ದದ್ದು.

ಗೆರೆಯಾಚೆ ತ್ಯಾಂಪಣ್ಣನವರು ಎದ್ದು ನಿಂತಿದ್ದರು. "ಹೊಡಿ ಹೈದರ್! ಭಾವನ ಹೊಟ್ಟೆಗೇ ಹೊಡಿ!" ಎಂಬ ಕೂಗು ಅವರ ಬಾಯಿಂದ ಬಂತು. ಬಂದ ಮೇಲೆ, ಬೇರೆ ಯಾರೋ ಕೂಗಿರಬೇಕು ಎಂಬಂತೆ ಅವರು ಸುತ್ತಲೂ ನೋಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ರಾಮಕುಂಜದಲ್ಲಿರುವ ಹೆಂಡತಿಗೆ ಈ ಮಾತು ರಾತ್ರಿಯೊಳಗೆ ಮುಟ್ಟುತ್ತದೆ ಎಂದು ಅವರಿಗೆ ಹೊಳೆಯಿತು.

"ಹೊಡಿ ಮಾರಾಯ, ಎಂತ ನೋಡ್ತಿ?" ಎಂದರು ಜತ್ತಪ್ಪನವರು. 

ಹೈದರ್ ಚೆಂಡನ್ನು ಕಾಲಡಿಯಲ್ಲಿ ನಿಲ್ಲಿಸಿದ. "ನನ್ನಿಂದ ಆಗುದಿಲ್ಲ ಜತ್ತಪ್ಪಣ್ಣ" ಎಂದವನೇ ಅದರ ಮೇಲೆ ಕೂತುಬಿಟ್ಟ.

ಸುಳ್ಯದವರು ಚಪ್ಪಾಳೆ ತಟ್ಟಿದರು. ತೆಂಕಿನವರು, ನನ್ನನ್ನೂ ಸೇರಿಸಿ, ದ್ರೋಹಿ ಎಂದು ಕೂಗಿದೆವು. ಕುಶಾಲಪ್ಪನವರು ಕೊಡೆ ಮಡಚಿ ಹತ್ತಿರ ಬಂದು, ಮಂಡಳಿಯ ಸೊತ್ತನ್ನು ಆಸನವಾಗಿ ಬಳಸಿದ ತಪ್ಪಿಗೆ ಹೈದರನನ್ನು ಹೊರಗೆ ಕಳಿಸಿದರು. ಅವನು ಎದ್ದಾಗ ಚೆಂಡು ತಾನಾಗಿಯೇ ಇಳಿಜಾರಿನಲ್ಲಿ ಉರುಳಿ ಗೋಲಿನೊಳಗೆ ಹೋಯಿತು. ಬಲೆ ಹರಿದಿರಲಿಲ್ಲವಾದ್ದರಿಂದ ಅದನ್ನು ಗೋಲು ಎಂದು ಪರಿಗಣಿಸಲಾಯಿತು. ವರದಿಯಲ್ಲಿ ಹೀಗಿದೆ: "ಕಡಬ ೩, ಕಡಬ ೨. ಕಡಬ ಗೆದ್ದಿದೆ." ಎರಡೂ ಕಡೆಯ ಬಸ್ಸುಗಳು ಜಯಕಾರ ಹಾಕುತ್ತಲೇ ಹಿಂದಿರುಗಿದವು.

ಫೆಬ್ರವರಿಯಲ್ಲಿ ಮಂಡಳಿಯ ವಾರ್ಷಿಕ ಸಭೆ ಪುತ್ತೂರಿನಲ್ಲಿ ನಡೆಯಿತು. ವಿಶ್ರಾಂತಿಯ ದಿನದ ಎರಡು ಅಂಕಗಳ ಬಲದಿಂದ ಪುತ್ತೂರು ತಂಡ ಶೀಲ್ಡ್ ಗೆದ್ದುಕೊಂಡಿತು. ತಾವೇ ಇಟ್ಟ ಶೀಲ್ಡನ್ನು ದುಗ್ಗಪ್ಪನವರು ತಮ್ಮ ಊರಿನ ತಂಡಕ್ಕೆ ತಾವೇ ಕೊಟ್ಟು, ಕೊಟ್ಟವರಿಗೆ ತಾವೇ ಧನ್ಯವಾದ ಹೇಳಿದರು. ನಂತರ ಅವರು ಒಂದು ಮಹತ್ವದ ಘೋಷಣೆ ಮಾಡಿದರು. ಕಡಬದ ಪ್ರಯೋಗ ಯಶಸ್ವಿಯಾಗಿದೆ. ಜನರಲ್ಲಿ ಇಷ್ಟು ಉತ್ಸಾಹ ಹಿಂದೆಂದೂ ಕಂಡಿಲ್ಲ. ಆದಕಾರಣ ಬರುವ ಋತುವಿನಿಂದ ಪ್ರತಿಯೊಂದು ಊರೂ ಎಲ್ಲ ಪಂದ್ಯಗಳನ್ನೂ ತನ್ನ ವಿರುದ್ಧವೇ ಆಡತಕ್ಕದ್ದು. ಪುತ್ತೂರಿಗೆ ಮಾತ್ರ, ಅದು ಮಂಡಳಿಯ ಕೇಂದ್ರಸ್ಥಾನವಾದುದರಿಂದ, ಐದೂ ಪಂದ್ಯಗಳಲ್ಲಿ ವಿಶ್ರಾಂತಿ.

ಪ್ರತಿಭಟನೆಗಳು ಬಂದವು. ಈ ಅವಕಾಶವನ್ನು ಮೊದಲ ವರ್ಷವೇ ಕಡಬಕ್ಕೆ ಕೊಟ್ಟು ತಮ್ಮನ್ನು ಕಡೆಗಣಿಸಿದ್ದೇಕೆ ಎಂದು ಸುಳ್ಯದವರು ಕೇಳಿದರು. ತಮ್ಮಲ್ಲಿ ಮೊದಲಿನಿಂದ ಇದ್ದವರು, ಕೇರಳದಿಂದ ಬಂದು ತೋಟ ಮಾಡಿದವರು ಎಂದು ಎರಡು ಕಡೆ ಸಿದ್ಧವೇ ಇರುವುದರಿಂದ ತಮ್ಮನ್ನು ಒಡೆಯುವ ಕಷ್ಟ ಮಂಡಳಿಗೆ ಬೇಡ ಎಂದು ನೆಲ್ಯಾಡಿಯವರು ಬರೆದರು. ರಾಮಕುಂಜದವರು ಮೂರು ತಂಡಗಳನ್ನು ಕೇಳಿದರು.

ಹೈದರನನ್ನು ದುಗ್ಗಪ್ಪನವರು ತಮ್ಮ ಬಸ್ಸಿಗೆ ಕಂಡಕ್ಟರನಾಗಿಯೂ ಪುತ್ತೂರು ತಂಡಕ್ಕೆ ಆಟಗಾರನಾಗಿಯೂ ತೆಗೆದುಕೊಂಡರು. ಅವನು ಸೈಕಲ್ ಒಯ್ಯಲು ಬಂದ ದಿನ ತ್ಯಾಂಪಣ್ಣನವರು ತಡೆದು ನಿಲ್ಲಿಸಿದರು.

"ನೀನೂ ಪುತ್ತೂರಿಗಾ ಹೈದರ್?"

"ಅಲ್ಲಿ ಆಟವೇ ಇಲ್ಲ ಅಲ್ವಾ ತ್ಯಾಂಪಣ್ಣ. ಯಾರಿಗೂ ಹೊಡೀಲಿಕ್ಕೆ ಇಲ್ಲ. ನನಗೆ ಅದು ಸಾಕು."

ಅವನು ಸೈಕಲ್ ಒಯ್ದನು. ತ್ಯಾಂಪಣ್ಣನವರು ಒಳಗೆ ಹೋಗಿ ಬಾಟ್ಲಿಗಳನ್ನು ತೊಳೆಯತೊಡಗಿದರು. ಆಟ ಮುಗಿದಿದ್ದರೂ ಸೀತುವಿಗೆ ಹೇಳಿ ಕಳಿಸಲು ಅವರಿಗೆ ಬಾಯಿ ಬಂದಿರಲಿಲ್ಲ. ಏಪ್ರಿಲಿನಲ್ಲಿ ಸೀತು ತಾವಾಗಿಯೇ ಬಂದರು. ಬಂದವರು ಮೊದಲು ಅಣ್ಣನ ಮನೆಗೆ ಹೋದರು, ಮತ್ತೆ ಗಂಡನ ಮನೆಗೆ. ಇದರ ಬಗ್ಗೆ ಎರಡು ಕಡೆಯಿಂದಲೂ ಮಂಡಳಿಗೆ ದೂರು ಹೋಗಿದೆ.

ಇನ್ನು ಮೈದಾನದ ವಿಷಯ. ಗೆದ್ದ ಕಡಬ ತಾವೇ ಎಂದು ಎರಡೂ ಕಡೆಯವರು ಹೇಳಿದ್ದರಿಂದ, ಅದು ಯಾರಿಗೆ ಸೇರಿದ್ದೆಂಬ ಪ್ರಶ್ನೆ ಎದ್ದಿತು. ಬಡಗಿನವರು ತೆಂಕಿನವರನ್ನು ಒಳಗೆ ಬಿಡಬಾರದೆಂದು ಅರ್ಜಿ ಕೊಟ್ಟರು. ತೆಂಕಿನವರು ಬಡಗಿನವರನ್ನು ಬಿಡಬಾರದೆಂದು ಕೊಟ್ಟರು. ಅದನ್ನು ಬರೆದವನು ನಾನೇ. ಮಂಡಳಿಯು ಎರಡೂ ಅರ್ಜಿಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಎರಡನ್ನೂ ಮಂಜೂರು ಮಾಡಿತು. ವಿವಾದ ತೀರುವವರೆಗೆ ಮೈದಾನ ಮಂಡಳಿಯ ಸುಪರ್ದಿಯಲ್ಲಿದೆ. ಖಾಲಿ ಬಿಟ್ಟರೆ ಮುಳ್ಳು ಬೆಳೆಯುತ್ತದೆಂದು ದುಗ್ಗಪ್ಪನವರು ತಮ್ಮ ಬಸ್ಸುಗಳನ್ನು ಅಲ್ಲಿ ನಿಲ್ಲಿಸಿ ಉಪಕಾರ ಮಾಡಿದರು. ಒಂದು ಷೆಡ್ಡೂ ಎದ್ದಿತು. ಅದರ ಉದ್ಘಾಟನೆಗೆ ಎರಡೂ ಕಡಬದವರು ಬೇರೆಬೇರೆ ಹಾರ ತಂದಿದ್ದರು. ತ್ಯಾಂಪಣ್ಣನವರು ಸ್ವಾಗತ ಭಾಷಣ ಮಾಡಿದರು, ಜತ್ತಪ್ಪನವರು ವಂದನಾರ್ಪಣೆ. ಅವರು ಒಬ್ಬರನ್ನೊಬ್ಬರು ನೋಡಲಿಲ್ಲ, ಆದರೆ ಭಾಷಣ ಹೆಚ್ಚುಕಡಿಮೆ ಒಂದೇ ಆಗಿತ್ತು.

ಜೂನಿನಲ್ಲಿ ನಮ್ಮ ಶಾಲೆಗೆ ಘಟ್ಟದ ಮೇಲಿನಿಂದ ಹೊಸ ಮಾಸ್ಟ್ರು ಒಬ್ಬರು ವರ್ಗವಾಗಿ ಬಂದರು. ಬಸ್ಸಿಳಿದು, ತ್ಯಾಂಪಣ್ಣನವರ ಅಂಗಡಿಯಲ್ಲಿ ಸೋಡಾ ಕುಡಿಯುತ್ತ, ಈ ಊರಿನ ಹುಡುಗರಿಗೆ ಆಟಪಾಟ ಏನಾದರೂ ಇದೆಯೇ ಎಂದು ವಿಚಾರಿಸಿದರು.

"ಉಂಟು ಮಾಸ್ಟ್ರೆ. ಫುಟ್‌ಬಾಲ್. ಒಂದಲ್ಲ, ಎರಡು ತಂಡ ಉಂಟು" ಎಂದರು ತ್ಯಾಂಪಣ್ಣ.

"ಬಹಳ ಸಂತೋಷ. ಆಡುವುದೆಲ್ಲಿ?"

"ಸುಳ್ಯದಲ್ಲಿ."

"ಅಷ್ಟು ದೂರವೇ? ಇಲ್ಲಿ ಮೈದಾನವಿಲ್ಲವೇ?"

ತ್ಯಾಂಪಣ್ಣನವರು ಮಾರ್ಗದ ಮಗ್ಗುಲಿಗೆ ಕೈ ತೋರಿಸಿದರು. ಅಲ್ಲಿ ಮೂರು ಬಸ್ಸುಗಳು ಸಾಲಾಗಿ ನಿಂತು ಮಳೆಯಲ್ಲಿ ತೊಯ್ಯುತ್ತಿದ್ದವು.

"ಮೈದಾನ ಇದ್ದರೆ ಬಸ್ಸು ನಿಲ್ಲಿಸುದು ಎಲ್ಲಿ ಮಾಸ್ಟ್ರೆ?" ಎಂದರು ಅವರು. "ಬಸ್ಸು ಇಲ್ಲದಿದ್ದರೆ ನಾವು ಆಡ್ಲಿಕ್ಕೆ ಹೋಗುದು ಹೇಗೆ?"

ಮಾಸ್ಟ್ರು ಸೋಡಾ ಮುಗಿಸಿ, ಅದೂ ಸರಿಯೇ ಎಂದರು. ಮತ್ತೆ, ತಾವು ಬಾಡಿಗೆಗೆ ಹಿಡಿದ ಮನೆ ಮಾರ್ಗದ ಯಾವ ಬದಿಗೆ ಎಂದು ಕೇಳಿದರು.